ತಪ್ಪು ನಂದೇ ಬಿಡಪ್ಪಾ

ರಾಮಲಿಂಗಯ್ಯನವರ ಬಾಯಿಗೆ ಬಿಡುವು ಸಿಗುತ್ತಿದ್ದುದು ಕಾರು ಓಡಿಸುವಾಗ ಮಾತ್ರ. ಮಿಕ್ಕ ಹೊತ್ತೆಲ್ಲ ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಮಗ್ಗಗಳ ಸದ್ದನ್ನೂ ಮೀರಿ ಅವರ ದನಿ ಕೇಳುತ್ತಿತ್ತು. ಸ್ಟಿಯರಿಂಗ್ ಹಿಡಿದರೆಂದರೆ ಪೂಜೆಗೆ ಕೂತವರ ಹಾಗೆ ಆಗಿಬಿಡುತ್ತಿದ್ದರು. ಬೆನ್ನು ನೆಟ್ಟಗೆ, ಕಣ್ಣು ರಸ್ತೆಯ ಮೇಲೆ, ದೂರದಲ್ಲೆಲ್ಲೋ ಎತ್ತಿನ ಗಾಡಿ ಕಂಡರೂ ಸಾಕು, ಹಾರನ್ನು. ಹಳೆಯ ಆಸ್ಟಿನ್ ಕಾರು ಅದು; ಬೆಂಗಳೂರು ದಂಡಿನಲ್ಲಿದ್ದ ಯಾರೋ ಬಿಳಿ ದೊರೆ ತನ್ನ ಸೀಮೆಗೆ ಹೊರಡುವಾಗ ಮಾರಿಹೋದದ್ದು. ಸೀರೆಯ ಗಂಟುಗಳನ್ನು ಅದರಲ್ಲಿ ಹೇರಿಕೊಂಡು ಚಿಕ್ಕಪೇಟೆಗೆ ಹೋಗಿ, ಬರುವಾಗ ರೇಷ್ಮೆ, ಜರಿ ತರುತ್ತಿದ್ದರು.

ಹಿಂದಿನ ಸೀಟಿನಲ್ಲಿ ಎಷ್ಟೋ ಸಲ ಸೊಸೆ ನಾಗಲಕ್ಷ್ಮಿ ಇರುತ್ತಿದ್ದಳು. ಅವಳ ತೌರುಮನೆ ಕಬ್ಬನ್‌ಪೇಟೆಯಲ್ಲಿತ್ತು. ಬಿ.ಎ. ಮುಗಿಸಿದ ಮೇಲೆ ಮದುವೆಯಾಗಿ ಬಂದವಳು. ಭಯ ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಎದುರಿಗೆ ಏನಾದರೂ ಬಂದರೆ ಮುಂದೆ ಮಾವ ಬ್ರೇಕು ಒತ್ತುವ ಮೊದಲೇ ಹಿಂದೆ ಇವಳ ಕಾಲು ನೆಲವನ್ನು ಒತ್ತುತ್ತಿತ್ತು. "ನಮ್ಮ ಕಾರಿಗೆ ಎರಡು ಬ್ರೇಕು. ಒಂದು ಆಸ್ಟಿನ್‌ನೋರು ಹಾಕಿದ್ದು, ಒಂದು ಕಬ್ಬನ್‌ಪೇಟೆಯೋರು ಕಳ್ಸಿದ್ದು" ಎಂದು ಇಳಿದ ಮೇಲೆ ಮಾವ ನಗುತ್ತಿದ್ದರು.

ಕಾರಿಗೆ ವಿಮೆ ಮಾಡಿಸಿದ್ದೂ ಅವಳ ಭಯವೇ. "ಕೆಟ್ಟದ್ದಾಗ್ಲಿ ಅಂತ ಮುಂಗಡ ಕಟ್ಟಿ ಬರೋದಾ ತಾಯಿ?" ಎಂದು ಮಾವ ಬಹಳ ದಿನ ಮುಂದಕ್ಕೆ ಹಾಕಿದರು. ಕೊನೆಗೆ ಸೊಸೆಯ ಆತಂಕದ ಮುಖ ನೋಡಲಾರದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಮಾಡಿಸಿದರು. ಪಾಲಿಸಿಯ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದವಳು ಮನೆಯಲ್ಲಿ ಅವಳೊಬ್ಬಳೇ.

ಸ್ವಾತಂತ್ರ್ಯ ಬಂದ ಮರುವರ್ಷದ ಚಳಿಗಾಲ. ಸಂಕ್ರಾಂತಿ ಹತ್ತಿರವಿತ್ತು. ರಾಗಿಯ ಒಕ್ಕಣೆ ಎಲ್ಲ ಕಡೆ ನಡೆದಿತ್ತು. ಚಿಕ್ಕಪೇಟೆಯಿಂದ ಹಿಂದಿರುಗುತ್ತ ಕಾರು ರಾಜಾನುಕುಂಟೆ ದಾಟಿ ಒಂದು ತಿರುವಿಗೆ ಬಂತು. ಆ ತಿರುವಿನ ಬಲಗಡೆ, ಅಂದರೆ ಎದುರಿನಿಂದ ಬರುವವರ ಪಾಲಿನ ರಸ್ತೆಯ ಮೇಲೆ, ಯಾರೋ ರಾಗಿ ತೂರಿ ರಾಶಿ ಮಾಡಿದ್ದರು. ಎದುರಿಂದ ಒಂದು ಖಾಲಿ ಲಾರಿ ಬಂತು. ಬಂದದ್ದು ರಾಶಿಯನ್ನು ಕಂಡಿತು, ಸರಕ್ಕನೆ ಇವರ ಕಡೆಗೆ ಹೊರಳಿತು. ರಾಮಲಿಂಗಯ್ಯನವರು ಕಾರನ್ನು ಎಡಕ್ಕೆ ಎಷ್ಟು ಎಳೆಯಬಹುದೋ ಅಷ್ಟೂ ಎಳೆದರು. ಎಡಗಡೆಯ ಹೊಂಗೆ ಮರಕ್ಕೆ ಕಾರು ಉಜ್ಜಿ ನಿಂತಿತು. ನಿಂತ ಕಾರಿನ ಬಲಮಗ್ಗುಲನ್ನು ಲಾರಿ ಕೆರೆದುಕೊಂಡು ಹೋಯಿತು. ದೀಪ ಒಡೆಯಿತು, ಮಡ್‌ಗಾರ್ಡು ಮುದುಡಿತು, ಮಾವನ ಪಕ್ಕದ ಬಾಗಿಲು ತಟ್ಟೆಯ ಹಾಗೆ ಒಳಕ್ಕೆ ಬಾಗಿತು. ಜರಿಯ ಉಂಡೆಗಳು ಸೀಟಿನಿಂದುರುಳಿ ನಾಗಲಕ್ಷ್ಮಿಯ ಕಾಲಿನ ಮೇಲೆ ಬಿದ್ದವು. ಆ ಕಾಲು ಇನ್ನೂ ನೆಲವನ್ನು ಒತ್ತಿಕೊಂಡೇ ಇತ್ತು.

ಯಾರಿಗೂ ಗಾಯವಾಗಿರಲಿಲ್ಲ. ಎಡಗಡೆಯ ಬಾಗಿಲಿಂದ ರಾಮಲಿಂಗಯ್ಯನವರು ಇಳಿದರು. ಅಷ್ಟರಲ್ಲಿ ಕಣದಿಂದ ಜನ ಓಡಿಬಂದಿದ್ದರು, ಕೈಯಲ್ಲಿ ಮೊರ, ಪೊರಕೆ. ಲಾರಿಯವನು ಕೆಳಗಿಳಿದು ನಿಂತಿದ್ದ. ಮೂವತ್ತು ದಾಟಿರದ ಗಟ್ಟಿ ಆಳು. ತಲೆಯ ಟವಲು ತೆಗೆದು ಎರಡೂ ಕೈಲಿ ಹಿಂಡುತ್ತಿದ್ದ. "ಕಣ್ಣು ಕಾಣಾಕಿಲ್ವೇನ್ಲಾ ನಿಂಗೆ?" ಎಂದು ಒಬ್ಬ ಮೈಮೇಲೆ ಹೋದ. "ರಸ್ತೇಲಿ ರಾಶಿ ಹಾಕಿದ್ದು ಯಾರ್ಲಾ?" ಎಂದು ಇನ್ನೊಬ್ಬ ತಿರುಗಿಬಿದ್ದ. ಇನ್ನೊಂದು ಗಳಿಗೆಯಾಗಿದ್ದರೆ ಹೊಡೆದಾಟವೇ.

ರಾಮಲಿಂಗಯ್ಯನವರು ಮಧ್ಯೆ ಹೋಗಿ ಕೈಯೆತ್ತಿದರು. "ಯಾಕ್ರಪ್ಪಾ ಹೊಲಿಯೋದು ಬಿಟ್ಟು ಹರೀತೀರಾ? ತಪ್ಪು ನಂದೇ ಬಿಡಪ್ಪಾ. ನಂದೇ."

ಹಿಂದಿನ ಸೀಟಿನಲ್ಲಿ ನಾಗಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು.

ಅದು ಅವರ ಬೀದಿಯ ವಾಡಿಕೆ. ನೂಲಿನ ವಿಷಯಕ್ಕೋ ನೀರಿನ ವಿಷಯಕ್ಕೋ ಜಗಳ ಹತ್ತಿದರೆ ಇದ್ದವರಲ್ಲಿ ಹಿರಿಯರು ಮೊದಲು ತಪ್ಪನ್ನು ತಮ್ಮ ಮೇಲೆ ಹೊತ್ತುಕೊಳ್ಳುತ್ತಾರೆ. ಅದು ಸುಮ್ಮನೆ ಜಗಳದ ಕಾವು ಇಳಿಸುವ ಮಾತು. ನಿಜವಾಗಿ ತಪ್ಪಿದ್ದವನು ಆಗ ಮುಂದೆ ಬಂದು, ಹಿರಿಯರ ಕೈಗೆ ಎಲೆ ಅಡಿಕೆ ಕೊಟ್ಟು, "ಅದು ನಿಮ್ಮದಲ್ಲ, ನಂದು" ಎಂದು ವಾಪಸು ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಂಡರೆ ಯಾರ ತಲೆಯೂ ತಗ್ಗುವುದಿಲ್ಲ. ರಾಮಲಿಂಗಯ್ಯನವರು ಬೀದಿಯ ಎಷ್ಟೋ ಜಗಳಗಳನ್ನು ಹೀಗೆ ಹೊತ್ತು, ಹೀಗೇ ಇಳಿಸಿದ್ದರು.

ಲಾರಿಯವನು ಅವರ ಮುಖ ನೋಡಿದ. ತುಟಿ ಅಲ್ಲಾಡಿತು. ಬಗ್ಗಿ ಕೈ ಮುಗಿದ. ಆಮೇಲೆ ಒಂದು ಮಾತೂ ಆಡದೆ ಲಾರಿ ಹತ್ತಿ ಹೊರಟುಹೋದ.

ರಾಮಲಿಂಗಯ್ಯನವರು ಎಲೆ ಅಡಿಕೆಗೆಂಬಂತೆ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದರು.

*

ಲಾರಿ ಹೊಸಕೋಟೆಯ ಮುನಿವೆಂಕಟಪ್ಪನದು. ಸಂಕ್ರಾಂತಿಯ ಎಳ್ಳು ಬೀರುವುದು ಮುಗಿಯುವ ಮೊದಲೇ ಅವನ ಕಡೆಯವರು ಹೇಳಿಕಳಿಸಿದರು: ಕಾರಿನ ಯಜಮಾನರು ಹತ್ತು ಜನರ ಎದುರಿಗೆ ತಪ್ಪು ಒಪ್ಪಿಕೊಂಡಿದ್ದಾರೆ, ಆದ್ದರಿಂದ ಲಾರಿಯ ರಿಪೇರಿಯೂ ಅವರದೇ.

"ಕೇಳಿದ್ರಾ ಅಪ್ಪ ಮಾಡಿರೋ ಕೆಲ್ಸಾನ!" ಎಂದು ನಾಗಲಕ್ಷ್ಮಿಯ ಗಂಡ ಗೋಪಾಲ ಹಣೆ ಬಡಿದುಕೊಂಡ. "ಗುದ್ದಿಸ್ಕೊಂಡೋರು ನಾವು, ಅವನ ಲಾರೀನೂ ನಾವೇ ರಿಪೇರಿ ಮಾಡಿಸ್ಬೇಕಂತೆ. ಇನ್ನು ಅವನಿಗೆ ಎಣ್ಣೆಸ್ನಾನ ಮಾಡಿಸಿ ಹೋಳಿಗೆ ಊಟ ಹಾಕೋದೊಂದು ಬಾಕಿ."

ನಾಗಲಕ್ಷ್ಮಿ ಪಾಲಿಸಿ ತೆಗೆದು ನೋಡಿದಳು. ನೋಡುವ ಅಗತ್ಯವಿರಲಿಲ್ಲ, ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆ ಮಾಡಿಸಿದವರು ಯಾವ ತಪ್ಪನ್ನೂ ಒಪ್ಪಿಕೊಳ್ಳತಕ್ಕದ್ದಲ್ಲ. ಮಾವ ಕೈಯೆತ್ತಿ ಆ ಮಾತು ಆಡುತ್ತಿದ್ದಾಗ ಅವಳ ಕಣ್ಣ ಮುಂದೆ ಇದೇ ಸಾಲು ಬಂದಿತ್ತು. ಹೊಸ ಜನರ ಎದುರು ಸೊಸೆಯಾದವಳು ಮಾವನ ಮಾತಿಗೆ ಅಡ್ಡ ಹೋಗುವುದು ಹೇಗೆಂದು ಸುಮ್ಮನಿದ್ದಳು. ಈಗ ಆ ಸುಮ್ಮನಿದ್ದದ್ದು ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು.

ಆದರೆ ಅವಳಿಗೆ ಹೆದರಿಕೆ ಹುಟ್ಟಿಸಿದ್ದು ರಿಪೇರಿಯಲ್ಲ. ಮಾವ ಮಾತು ಬಿಟ್ಟಿದ್ದರು.

ಪೂರ್ತಿ ಬಿಟ್ಟಿದ್ದರೆ ಯಾರಾದರೂ ವೈದ್ಯರನ್ನು ಕರೆಸುತ್ತಿದ್ದರೇನೋ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು, ಊಟ ಮಾಡುತ್ತಿದ್ದರು. ಮಗ್ಗದ ಮನೆಗೆ ಹೋದರೆ ನೇಯುವವರ ಪಕ್ಕ ಕೂತು ಸುಮ್ಮನೆ ಎದ್ದುಬರುತ್ತಿದ್ದರು. "ಯಜಮಾನ್ರು ಬಂದ್ರೂ ಗೊತ್ತಾಗಲ್ಲ, ಹೋದ್ರೂ ಗೊತ್ತಾಗಲ್ಲ. ಬೈಸ್ಕೊಳ್ದೆ ನಮಗೂ ಕೈ ಓಡ್ತಿಲ್ಲ ಕಣಮ್ಮ" ಎಂದು ಹಳೆಯ ನೇಕಾರ ಬೈಲಪ್ಪ ಹೇಳಿದ. ಹಿತ್ತಲಿನ ಚಪ್ಪರದಡಿ ಕಾರು ನಿಂತಿತ್ತು. ಇಂಜಿನ್ನು ಚೆನ್ನಾಗಿತ್ತು. ಆದರೂ ಮಾವ ಅತ್ತ ಕಣ್ಣು ಹಾಯಿಸುತ್ತಿರಲಿಲ್ಲ. ಚಿಕ್ಕಪೇಟೆಗೆ ಮಗ ರೈಲಿನಲ್ಲಿ ಗಂಟು ಹೊತ್ತು ಹೋಗಿಬಂದ.

ಒಂದು ಬೆಳಿಗ್ಗೆ ಕಾಫಿ ಕೊಡುತ್ತ ಅವಳು ಕೇಳಿಯೇಬಿಟ್ಟಳು. "ಮಾವ, ನೀವು ಎಡಗಡೇನೇ ಇದ್ರಿ. ಕಾರು ನಿಂತಿತ್ತು. ನಾನು ನೋಡ್ದೆ."

ಲೋಟವನ್ನು ಅವರು ತಿರುಗಿಸುತ್ತ ಕೂತರು. "ನಾನೂ ಹಾಗೇ ಅಂದ್ಕೊಂಡಿದ್ದೆ ತಾಯಿ. ಆದ್ರೆ ನನ್ನದಲ್ದೆ ಇದ್ದಿದ್ರೆ ಆ ಹುಡುಗ ವಾಪಸ್ ತಗೋತಿದ್ದ. ಮುಖ ನೋಡಿದ್ರೆ ಕೆಟ್ಟೋನಲ್ಲ. ಅವನೇ ತಗೊಳ್ಳಿಲ್ಲ ಅಂದ್ರೆ ನನ್ನ ಕಣ್ಣಿಗೆ ಏನೋ ಆಗಿದೆ. ವಯಸ್ಸಾಯ್ತು. ಹಿಂದೆ ನೀನು ಕೂತಿದ್ದೆ. ಏನಾದ್ರೂ ಆಗಿದ್ರೆ ನಿಮ್ಮಪ್ಪನಿಗೆ ಯಾವ ಮುಖ ತೋರಿಸ್ಲಿ?"

ಇಷ್ಟು ಹೇಳಿ ಕಾಫಿ ಕುಡಿಯದೆ ಎದ್ದುಹೋದರು.

ಸುಳ್ಳನ್ನು ಹತ್ತು ಸಲ ಹೇಳಿದರೆ ಹೇಳಿದವರೇ ನಂಬುತ್ತಾರೆ ಎಂದು ಅವಳು ಕೇಳಿದ್ದಳು. ಮರ್ಯಾದೆಗೆ ಆಡಿದ ಮಾತನ್ನೂ ಹಾಗೆ ನಂಬಿಬಿಡಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಗೋಪಾಲ ಕಾರು ಮಾರುವ ಮಾತೆತ್ತಿದ. ರಾಮಲಿಂಗಯ್ಯನವರು "ನಿನ್ನಿಷ್ಟ" ಎಂದರು. ಆ ಮಾತು ಕೇಳಿ ಅತ್ತೆ ಗಂಗಲಕ್ಷ್ಮಮ್ಮ ಅಡಿಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏನಾದ್ರೂ ಮಾಡೇ ನಾಗೂ. ಮನೆ ಮಸಣದ ಹಾಗಿದೆ. ಆ ಬಾಯಿ ಮುಚ್ಲಿ ಅಂತ ನಾನು ಹರಕೆ ಹೊತ್ಕೊಂಡಿದ್ದೇನೋ ನಿಜ, ಚಿಕ್ಕ ವಯಸ್ಸಲ್ಲಿ. ದೇವ್ರು ಈಗ ನಡೆಸ್ಕೊಡ್ಬೇಕಾ?"

ನಾಗಲಕ್ಷ್ಮಿ ಕಂಪನಿಗೆ ಕ್ಲೇಮು ಬರೆದಳು. ಬರೆಯುವುದೇ ಒಂದು ಯಾತನೆ. 'ನಮ್ಮ ಮಾವನವರು ತಪ್ಪು ಒಪ್ಪಿಕೊಂಡರು' ಎಂದು ಬರೆದರೆ ಷರತ್ತು ಮುರಿದ ಹಾಗೆ. ಬರೆಯದಿದ್ದರೆ ಸತ್ಯ ಮುಚ್ಚಿಟ್ಟ ಹಾಗೆ. ಕೊನೆಗೆ ನಡೆದದ್ದನ್ನೆಲ್ಲ ನಡೆದ ಹಾಗೇ ಬರೆದು, ಜಗಳ ಬಿಡಿಸಲು ಹಿರಿಯರು ಹಾಗೆ ಹೇಳುವುದು ತಮ್ಮ ಬೀದಿಯ ವಾಡಿಕೆಯೆಂದೂ, ಲಾರಿಯ ಚಾಲಕನಿಗೆ ಅದು ತಿಳಿದಿರಲಾರದೆಂದೂ ಸೇರಿಸಿದಳು. ಅವನನ್ನು ಎದುರಿಗಿಟ್ಟು ಜಾಗದಲ್ಲೇ ಒಮ್ಮೆ ಕೇಳಬೇಕೆಂದು ಬೇಡಿಕೊಂಡಳು.

*

ಕಂಪನಿಯ ಸರ್ವೇಯರು ಕೋಟು, ರುಮಾಲು, ಮೂಗಿನ ತುದಿಯಲ್ಲಿ ಕನ್ನಡಕದ ಮನುಷ್ಯ. ನೇರವಾಗಿ ತಿರುವಿಗೇ ಬಂದರು. ಹೊಸಕೋಟೆಯಿಂದ ಮುನಿವೆಂಕಟಪ್ಪನೂ ಅವನ ಡ್ರೈವರೂ ಬಂದಿದ್ದರು. ಡ್ರೈವರನ ಹೆಸರು ದೊಡ್ಡಬೀರಪ್ಪ, ಊರು ಸಮೇತನಹಳ್ಳಿ ಎಂದು ಆಗ ತಿಳಿಯಿತು. ಕಾರನ್ನು ಗೋಪಾಲ ಓಡಿಸಿಕೊಂಡು ಬಂದ. ಗೇರು ಹಾಕಿದಾಗಲೆಲ್ಲ ಅದು ಗೋಳೋ ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ರಾಮಲಿಂಗಯ್ಯನವರು ಪ್ರತಿ ಗೋಳಿಗೂ ಹಲ್ಲು ಕಚ್ಚುತ್ತಿದ್ದರು. ಹಿಂದೆ ಅತ್ತೆ, ಸೊಸೆ. ಅತ್ತೆಯ ಕೈಯಲ್ಲಿ ಎಲೆ ಅಡಿಕೆಯ ಚೀಲ. ಎಲ್ಲಿಗೆ ಹೋದರೂ ಅದು ಅವರ ಜೊತೆಗಿರುತ್ತಿತ್ತು.

ಸರ್ವೇಯರು ಹೊಂಗೆ ಮರದ ಹತ್ತಿರ ಬಗ್ಗಿದರು. ತೊಗಟೆ ಕಿತ್ತ ಕಡೆ ಕಾರಿನ ಕರಿ ಬಣ್ಣ ಇನ್ನೂ ಅಂಟಿತ್ತು. "ಹೂಂ. ಕಾರು ಇದಕ್ಕಿಂತ ಎಡಕ್ಕೆ ಹೋಗೋಕೆ ಮರ ಹತ್ತಬೇಕಿತ್ತು."

"ಅದೆಲ್ಲ ಬಿಡಿ ಸ್ವಾಮಿ" ಎಂದ ಮುನಿವೆಂಕಟಪ್ಪ. ಹೊಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದ. "ಮರ ಮಾತಾಡ್ತದಾ? ಯಜಮಾನ್ರೇ ತಪ್ಪು ನಂದು ಅಂದಿದ್ದಾರೆ. ಕೇಳಿ ಬೇಕಾದ್ರೆ."

ಸರ್ವೇಯರು ರಾಮಲಿಂಗಯ್ಯನವರ ಕಡೆ ತಿರುಗಿದರು. "ಹಾಗಂದಿರಾ?"

"ಅಂದೆ."

"ಯೋಚನೆ ಮಾಡಿ ಹೇಳಿ. ತಪ್ಪು ನಿಮ್ಮದೇನಾ?"

ರಾಮಲಿಂಗಯ್ಯನವರು ದೊಡ್ಡಬೀರಪ್ಪನನ್ನು ನೋಡಿದರು. ಅವನು ಟವಲು ಹಿಂಡುತ್ತ ನೆಲ ನೋಡುತ್ತಿದ್ದ. ಅವರು ಬಾಯಿ ತೆರೆದರು. ನಾಗಲಕ್ಷ್ಮಿಗೆ ಆ ತುಟಿಗಳ ಮೇಲೆ ಮಾತು ಮೂಡುವುದು ಕಂಡಿತು, ಎದುರಿಂದ ಬರುವ ಗಾಡಿಯ ಹಾಗೆ. ಅವಳ ಕಾಲು ನೆಲವನ್ನು ಒತ್ತಿತು. ಈ ಸಲ ಕಾಲೊಂದೇ ಸಾಲದು ಅನ್ನಿಸಿತು.

"ಮಾವ, ಒಂದು ನಿಮಿಷ" ಎಂದಳು.

ಎಲ್ಲರೂ ತಿರುಗಿದರು. ಸೆರಗು ಹೊದ್ದುಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ಸರ್ವೇಯರನ್ನಾಗಲಿ ಮುನಿವೆಂಕಟಪ್ಪನನ್ನಾಗಲಿ ನೋಡದೆ ಡ್ರೈವರಿಗೇ ಹೇಳಿದಳು.

"ಬೀರಪ್ಪನವರೇ, ನಿಮ್ಮ ಮೇಲೆ ದೂರು ಹೇಳೋಕೆ ಬಂದಿಲ್ಲ. ನಮ್ಮ ಬೀದೀಲಿ ಜಗಳ ಆದ್ರೆ ಹಿರಿಯರು ತಪ್ಪು ತಮ್ಮ ಮೇಲೆ ಹಾಕ್ಕೋತಾರೆ. ಅದು ಅವರದ್ದು ಅಂತ ಅಲ್ಲ. ಎದುರಿನೋರಿಗೆ ಅವಮಾನ ಆಗ್ಬಾರ್ದು ಅಂತ. ಆಮೇಲೆ ಎದುರಿನೋರು ಅದು ನಿಮ್ಮದಾ, ನಮ್ಮದಾ ಅಂತ ಒಂದು ಮಾತು ಹೇಳ್ಬೇಕು. ನೀವು ಹೇಳದೆ ಹೊರಟುಹೋದ್ರಿ. ನಮ್ಮ ಮಾವ ಅವತ್ತಿಂದ ಆ ಮಾತಿಗೆ ಕಾಯ್ತಾ ಇದ್ದಾರೆ. ತಮ್ಮದೇ ಇರ್ಬೇಕು ಅಂತ ಕಾರು ಓಡ್ಸೋದೇ ಬಿಟ್ಟಿದ್ದಾರೆ. ಅವರದ್ದೇ ಆಗಿದ್ರೆ ಹಾಗೇ ಹೇಳಿ, ನಾವು ಒಪ್ಕೋತೀವಿ. ಒಟ್ಟಿನಲ್ಲಿ ಹೇಳಿ."

ದೊಡ್ಡಬೀರಪ್ಪ ತಲೆಯೆತ್ತಿದ. "ಅಯ್ಯೋ ಶಿವನೇ" ಎಂದ. ಅವನ ದನಿ ದೊಡ್ಡದು. ಕುರಿ ಕಾಯ್ದವರ ದನಿ. "ಹೇಳ್ಬೇಕಾಗಿತ್ತಾ? ನಮ್ ಕಡೆ ದೊಡ್ಡೋರು ಒಂದು ಮಾತಂದ್ಮ್ಯಾಲೆ ಇಲ್ಲ ಅನ್ನಂಗಿಲ್ಲ ಕಣವ್ವಾ! ನಮ್ಮಪ್ಪ ಹಗಲ್ನ ರಾತ್ರಿ ಅಂದ್ರೂ ನಾನು ದೀಪ ಹಚ್ತೀನಿ. ಇಷ್ಟು ದೊಡ್ಡ ಯಜಮಾನ್ರು ಹತ್ತು ಜನದಾಗೆ ನಂದು ತಪ್ಪು ಅಂದ್ರು. ಇಲ್ಲ ಸ್ವಾಮಿ, ನೀವು ಹೇಳಿದ್ದು ಸುಳ್ಳು ಅಂತ ಅವರ ಮಕದ ಮ್ಯಾಲೆ ಎಂಗನ್ಲಿ? ಕೈ ಮುಗ್ದು ಬಂದ್ಬಿಟ್ಟೆ."

"ಲೇ ಬೀರಾ!" ಎಂದ ಮುನಿವೆಂಕಟಪ್ಪ.

"ತಡೀರಿ ಗೌಡ್ರೇ, ಗಂಟ್ಲಲ್ಲಿ ಅನ್ನ ಇಳೀತಿಲ್ಲ ಅವತ್ತಿಂದ. ತಪ್ಪು ನಂದೇ. ಇಗೋ ಇಲ್ಲಿ ರಾಶಿ ಇತ್ತು. ಸಗಣಿ ಬೆನಕನ್ನ ಇಟ್ಟು, ಹೂ ಮುಡ್ಸಿ, ಪೂಜೆ ಮಾಡಿದ್ರು. ಪೂಜೆ ಆದ ರಾಶಿ ಮ್ಯಾಲೆ ಚಕ್ರ ಹತ್ತಿಸ್ಲಾ? ಉಣ್ಣೋ ಅನ್ನ ಅದು. ಬಲಕ್ಕೆ ಹೊರಳಿಸ್ದೆ. ಕಾರು ಬರೋದು ಕಂಡಿತ್ತು, ಆದ್ರೂ ಹೊರಳಿಸ್ದೆ. ಯಜಮಾನ್ರು ಪಾಪ ಮರ ತಬ್ಬಿಕೊಂಡಂಗೆ ನಿಂತಿದ್ರು."

ಗಂಗಲಕ್ಷ್ಮಮ್ಮ ಮೆಲ್ಲನೆ ಬಂದು ಚೀಲದಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಅವನ ಕೈಗಿಟ್ಟರು. ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಅವನು ಟವಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರಾಮಲಿಂಗಯ್ಯನವರ ಹತ್ತಿರ ಹೋಗಿ ಎರಡೂ ಕೈಯಲ್ಲಿ ಹಿಡಿದ.

"ಅದು ನಿಮ್ಮದಲ್ಲ ಸ್ವಾಮಿ. ನಂದು. ಕೊಟ್ಬಿಡಿ."

ರಾಮಲಿಂಗಯ್ಯನವರು ಎಲೆ ತೆಗೆದುಕೊಂಡರು. "ಇರ್ಲಿ ಬಿಡಪ್ಪಾ" ಎಂದರು, ಅಭ್ಯಾಸಬಲ. "ರಾಶಿ ಉಳಿಸ್ದೆಯಲ್ಲ, ಅದು ದೊಡ್ಡದು. ನೋಡಿದ್ರೆ ಇದ್ರಲ್ಲಿ ನಂದೂ ಒಂಚೂರು..."

"ಮಾವ!"

"ಏನ್ರೀ!"

ಅತ್ತೆ ಸೊಸೆ ಒಟ್ಟಿಗೆ ಕೂಗಿದ ರಭಸಕ್ಕೆ ಹೊಂಗೆ ಮರದ ಗಿಳಿಗಳು ಹಾರಿದವು. ರಾಮಲಿಂಗಯ್ಯನವರು ಬಾಯಿ ಮುಚ್ಚಿಕೊಂಡರು.

ಸರ್ವೇಯರು ಕನ್ನಡಕ ತೆಗೆದು ಒರೆಸಿದರು. "ನಾನು ಎಷ್ಟೋ ಆಕ್ಸಿಡೆಂಟು ನೋಡಿದ್ದೇನಮ್ಮ. ನಂದಲ್ಲ, ನಿಂದು ಅಂತ ಹೊಡೆದಾಡೋರನ್ನ ನೋಡಿದ್ದೇನೆ. ಮರ್ಯಾದೆ ಮಾಡ್ಕೊಂಡೇ ಕಂಪನೀನ ಮುಳುಗಿಸೋರನ್ನ ಇವತ್ತೇ ನೋಡಿದ್ದು." ಆಮೇಲೆ ಮುನಿವೆಂಕಟಪ್ಪನಿಗೆ, "ನಿಮ್ಮ ಲಾರಿಗೆ ಇನ್ಶೂರೆನ್ಸ್ ಇದೆಯೇನ್ರೀ?"

"ಐತೆ."

"ಮತ್ಯಾಕೆ ಆ ಹುಡುಗನ ಮೇಲೆ ಕಣ್ಣು ಬಿಡ್ತೀರಿ? ಕಾರಿನದ್ದು ನಿಮ್ಮ ಕಂಪನಿಯೋರು ನೋಡ್ಕೋತಾರೆ. ಅದಕ್ಕೇ ಅಲ್ವೇ ಇರೋದು?"

ಮುನಿವೆಂಕಟಪ್ಪನ ಕೈಗಳು ಹೊಟ್ಟೆಯಿಂದ ಜಾರಿದವು. ಲಾರಿಗೆ ಮಾಡಿಸಿದ ವಿಮೆ ತನ್ನ ತಪ್ಪಿಗೂ ಆಗಿಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. "ಓ" ಎಂದ. ಬೀರಪ್ಪನ ಕಡೆ ತಿರುಗಿ, "ಮತ್ತೆ ಮೊದ್ಲೇ ಬಗುಳಾಕೇನಾಗಿತ್ಲಾ?" ಎಂದ. ಬೈಗುಳದಲ್ಲಿ ಬಿಸಿಯಿರಲಿಲ್ಲ.

ಬೀರಪ್ಪ ಹೇಳಿದ್ದನ್ನು ಸರ್ವೇಯರು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ನಾಗಲಕ್ಷ್ಮಿಗೆ ಮಾತ್ರ, "ಷರತ್ತು ಮುರಿದದ್ದು ಮುರಿದದ್ದೇ. ನಮ್ಮ ಕಂಪನಿಯಿಂದ ಹಣ ಬಂದೇ ಬರುತ್ತೆ ಅಂತ ನಾನು ಹೇಳಲಾರೆ. ಇಲ್ಲಿ ಕಂಡದ್ದನ್ನ ಬರೀತೇನೆ, ಮೇಲಿನೋರು ನೋಡ್ತಾರೆ" ಎಂದರು. ಅವರು ಪದ ತೂಗಿ ಆಡುವುದು ಅವಳಿಗೆ ಹಿಡಿಸಿತು.

ಎಲ್ಲರೂ ಹೊರಟು ನಿಂತರು. ಗೋಪಾಲ ಎಡಬಾಗಿಲಿಂದ ನುಸುಳಿ, ಸ್ಟಿಯರಿಂಗಿನ ಹಿಂದೆ ಕೂತು, ಗೇರು ಹಾಕಿದ. ಕಾರು ಗೋಳೋ ಎಂದಿತು.

ರಸ್ತೆಯಲ್ಲೇ ನಿಂತಿದ್ದ ರಾಮಲಿಂಗಯ್ಯನವರು ಕಣ್ಣು ಮುಚ್ಚಿ ತೆರೆದರು. ಕೈಯಲ್ಲಿದ್ದ ಎಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡರು.

"ಇಳಿಯೋ" ಎಂದರು.

"ಅಪ್ಪ, ನಿಮ್ಮ ಕಣ್ಣು..."

"ಕಣ್ಣಿಗೇನಾಗಿದೆ ಧಾಡಿ? ಇಳಿ ಅಂದ್ರೆ ಇಳಿ. ಆ ಗೇರ್‌ಬಾಕ್ಸೇನು ನಿಮ್ಮಾವ ಕೊಟ್ಟಿದ್ದಾ?"

ಗೋಪಾಲ ಇಳಿದ. ಬಲಗಡೆಯ ಬಾಗಿಲು ಇನ್ನೂ ತೆರೆಯುತ್ತಿರಲಿಲ್ಲ. ಪಂಚೆ ಮೇಲೆತ್ತಿಕೊಂಡು ರಾಮಲಿಂಗಯ್ಯನವರು ಎಡಗಡೆಯಿಂದ ಹತ್ತಿ, ಸೀಟಿನ ಮೇಲೆ ಜರುಗುತ್ತ ಜರುಗುತ್ತ ತಮ್ಮ ಜಾಗ ಸೇರಿದರು. ಗೋಪಾಲ ಪಕ್ಕದಲ್ಲಿ ಹತ್ತಿ ಕೂತ. ಕಾರು ಮೆತ್ತಗೆ, ಸದ್ದಿಲ್ಲದೆ ಹೊರಟಿತು. ಲಾರಿಯ ಪಕ್ಕ ನಿಂತ ದೊಡ್ಡಬೀರಪ್ಪ ಕೈ ಮುಗಿದ. ಅವರು ಒಂದು ಸಲ ಹಾರನ್ನು ಒತ್ತಿದರು.

ದಾರಿಯುದ್ದಕ್ಕೂ ಒಂದು ಮಾತೂ ಇಲ್ಲ. ಬೆನ್ನು ನೆಟ್ಟಗೆ, ಕಣ್ಣು ರಸ್ತೆಯ ಮೇಲೆ. ನಾಗಲಕ್ಷ್ಮಿ ಹಿಂದಿನಿಂದ ಅವರ ಕತ್ತನ್ನೇ ನೋಡುತ್ತಿದ್ದಳು. ಈ ಮೌನ ಹಳೆಯದೋ, ಮೊನ್ನೆ ಮೊನ್ನೆಯದೋ? ಹೇಳಲು ಬರುವಂತಿರಲಿಲ್ಲ. ಎದುರಿಂದ ಹುಲ್ಲಿನ ಗಾಡಿ ಬಂದಾಗ ಅವಳ ಕಾಲು ನೆಲ ಒತ್ತಿತು. ಮಾವ ತಿರುಗಿ ನೋಡಲಿಲ್ಲ. ಅತ್ತೆ ಸೊಸೆಯ ಕೈ ಹಿಡಿದುಕೊಂಡರು.

ಊರು ಬಂತು. ನೇಕಾರರ ಬೀದಿ ಬಂತು. ಮನೆಯ ಮುಂದೆ ಕಾರು ನಿಂತಿತು. ಇಂಜಿನ್ನು ಆರಿತು. ಬೀದಿಯ ಎರಡೂ ಕಡೆಯಿಂದ ಮಗ್ಗಗಳ ಟಕಟಕ ಕೇಳಿಸತೊಡಗಿತು.

ರಾಮಲಿಂಗಯ್ಯನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಲೇ ಬೈಲಪ್ಪಾ! ಇಲ್ಲಿಗೇ ಕೇಳ್ತಿದೆ ಕಣೋ, ಅದೇನು ಮಗ್ಗ ಬಡೀತಿದ್ದೀಯೋ, ಮೆಣಸಿನಕಾಯಿ ಕುಟ್ತಿದ್ದೀಯೋ? ನಾನು ನಾಲ್ಕು ದಿನ ಸುಮ್ನಿದ್ದೆ ಅಂತ ಸೀರೆ ಅಂಚೆಲ್ಲ ಸೊಟ್ಟ ಮಾಡಿಟ್ಟಿರ್ತೀಯ! ಬಂದೆ ಇರು!"

ಮಗ್ಗ ಒಂದು ಗಳಿಗೆ ನಿಂತಿತು. ಒಳಗಿನಿಂದ ಬೈಲಪ್ಪನ ದನಿ ಬಂತು, ತುಂಬ ಸುಖವಾಗಿ. "ತಪ್ಪು ನಂದೇ ಬಿಡಿ ಯಜಮಾನ್ರೇ!"

"ನಿಂದೇ ಕಣೋ! ಮತ್ತಿನ್ಯಾರದ್ದು?" ಎನ್ನುತ್ತ ರಾಮಲಿಂಗಯ್ಯನವರು ಎಡಬಾಗಿಲ ಕಡೆಗೆ ಜರುಗತೊಡಗಿದರು.